ಕಾಣಲಿಲ್ಲ ಎನ್ನುವುದೂ ಇಲ್ಲ ಎನ್ನುವುದೂ

ಕಳೆದ ತಿಂಗಳು ಕಿರಿಯ ಸಂಶೋಧಕಿಯೊಬ್ಬಳು ತನ್ನ ಮಹಾಪ್ರಬಂಧದ ಮೊದಲ ಪುಟಗಳನ್ನು ಕಳಿಸಿ, 'ಸ್ವಲ್ಪ ಕಾಗುಣಿತ ನೋಡಿಕೊಡಿ' ಎಂದಳು. ಕೃತಜ್ಞತೆಯ ಪುಟದಲ್ಲಿ ಮಾರ್ಗದರ್ಶಕರು, ಅಪ್ಪ ಅಮ್ಮ, ಮಾತು ಕೊಟ್ಟ ಹಳ್ಳಿಯ ಹಿರಿಯರು ಇವರೆಲ್ಲ ಆದ ಮೇಲೆ ನನ್ನ ಹೆಸರೂ ಇತ್ತು. ಸತ್ತೇ ಹೋಗಿದ್ದ ತನ್ನ ಲ್ಯಾಪ್‌ಟಾಪನ್ನು ಬದುಕಿಸಿಕೊಟ್ಟಿದ್ದಕ್ಕೆ ಋಣಿ ಎಂದು ಬರೆದಿದ್ದಳು. ಕಾಗುಣಿತ ಸರಿಯಾಗಿಯೇ ಇತ್ತು. ಆದರೆ ಆ ಲ್ಯಾಪ್‌ಟಾಪ್ ಸತ್ತಿರಲಿಲ್ಲ. ಅದು ನನಗೆ ಗೊತ್ತಾಗಿ ಆಗಲೇ ಎರಡು ವಾರವಾಗಿತ್ತು.

ಮೂರು ವರ್ಷದ ಹಿಂದಿನ ಮಾತು. ವಿಭಾಗದಲ್ಲಿ ನನಗೆ 'ಕಂಪ್ಯೂಟರ್ ಗೊತ್ತಿರುವವನು' ಎಂಬ ಹೆಸರಿತ್ತು. ತತ್ತ್ವಶಾಸ್ತ್ರ ಓದುವವರ ನಡುವೆ ಈ ಹೆಸರು ಗಳಿಸಲು ಹೆಚ್ಚೇನೂ ಬೇಕಾಗುವುದಿಲ್ಲ. ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಕಾಗದವನ್ನು ಎರಡು ಸಲ ಎಳೆದು ತೆಗೆದರೆ ಸಾಕು. ಅವಳ ಲ್ಯಾಪ್‌ಟಾಪ್ ತುಂಬಾ ನಿಧಾನವಾಗಿತ್ತು. ವಿಂಡೋಸ್ ಇದ್ದ ಹಾಗೇ ಇರಲಿ, ಪಕ್ಕದಲ್ಲಿ ಉಬುಂಟು ಹಾಕಿಕೊಡುತ್ತೇನೆ ಎಂದವನು ನಾನೇ. ಅವಳು ಕೇಳಿರಲಿಲ್ಲ.

ನನ್ನ ಪೆನ್‌ಡ್ರೈವನ್ನು ಆ ಯಂತ್ರ ಗುರುತಿಸಲಿಲ್ಲ. ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಹೀಗೇ ಆಗಿದ್ದಾಗ ಯಾರೋ ಹೇಳಿಕೊಟ್ಟ ಉಪಾಯ ನೆನಪಿತ್ತು: ಫರ್ಮ್‌ವೇರ್ ಸೆಟ್ಟಿಂಗಿಗೆ ಹೋಗಿ ಸೆಕ್ಯೂರ್ ಬೂಟ್ ಆರಿಸು, ಬೂಟ್ ಮೋಡನ್ನು ಯುಇಎಫ್‌ಐನಿಂದ ಲೆಗಸಿಗೆ ಬದಲಿಸು. ಯಾಕೆ ಎಂದು ಅಂದೂ ಕೇಳಿರಲಿಲ್ಲ, ಇಂದೂ ಕೇಳಲಿಲ್ಲ. ಪೆನ್‌ಡ್ರೈವ್ ಎದ್ದು ಕೂತಿತು. ಅನುಸ್ಥಾಪನೆಯ ಪರದೆ ಮಾತ್ರ ಒಂದು ವಿಚಿತ್ರ ಮಾತು ಹೇಳಿತು: ಈ ಕಂಪ್ಯೂಟರಿನಲ್ಲಿ ಯಾವ ಆಪರೇಟಿಂಗ್ ಸಿಸ್ಟಮ್ಮೂ ಪತ್ತೆಯಾಗಿಲ್ಲ. ಗಾಬರಿಯಾಗಿ ಪೆನ್‌ಡ್ರೈವ್ ಕಿತ್ತು ಮತ್ತೆ ಚಾಲೂ ಮಾಡಿದರೆ ಕಪ್ಪು ಪರದೆಯ ಮೇಲೆ ಒಂದೇ ಸಾಲು, ಬೂಟ್ ಮಾಡಬಲ್ಲ ಸಾಧನವಿಲ್ಲ ಎಂದು.

ಹಿಂದಿನ ವಾರ ಆ ಲ್ಯಾಪ್‌ಟಾಪ್ ಬಸ್ಸಿನಲ್ಲಿ ಮೇಲಿನಿಂದ ಬಿದ್ದಿತ್ತಂತೆ. ನನಗೆ ಅಷ್ಟು ಸಾಕಾಯಿತು. 'ಡಿಸ್ಕ್ ಹೋಗಿದೆ' ಎಂದೆ. ಇಬ್ಬರೂ ಕ್ಯಾಂಟೀನಿಗೆ ಹೋಗಿ ಟೀ ಕುಡಿದೆವು. ಅವಳು ತುಂಬಾ ಹೊತ್ತು ಮಾತಾಡಲಿಲ್ಲ. ಎರಡು ಹಳ್ಳಿಗಳಲ್ಲಿ ಧ್ವನಿಮುದ್ರಿಸಿಕೊಂಡ ಮಾತುಗಳು ಅದರಲ್ಲಿದ್ದವು, ಅರ್ಧದಷ್ಟಕ್ಕೆ ಮಾತ್ರ ಫೋನಿನಲ್ಲಿ ಪ್ರತಿ ಇತ್ತು. ವಾಪಸು ಬಂದು ನಾನು 'ಡಿಸ್ಕ್ ಪೂರ್ತಿ ಅಳಿಸಿ ಉಬುಂಟು ಅಳವಡಿಸು' ಎಂಬುದನ್ನು ಒತ್ತಿದೆ. ಅರ್ಧ ಗಂಟೆಯಲ್ಲಿ ಲ್ಯಾಪ್‌ಟಾಪ್ ಹೊಸದರಂತೆ ಓಡಿತು. ಡಿಸ್ಕ್ ಹೋಗಿದೆ ಎಂದು ನಂಬಿದವನು ಅದೇ ಡಿಸ್ಕಿನ ಮೇಲೆ ಹೇಗೆ ಬರೆದೆ? ಅದು ಹೇಗೆ ಬರೆಸಿಕೊಂಡಿತು? ಈ ಪ್ರಶ್ನೆ ನನಗೆ ಹೊಳೆಯಲು ಮೂರು ವರ್ಷ ಬೇಕಾಯಿತು.

ಈಗ ಗೊತ್ತಿರುವುದು ಇಷ್ಟು. 1981ರ ಐಬಿಎಂ ಪಿಸಿ ಕಾಲದಿಂದ ಬಂದ ಬಯೋಸ್ ಪದ್ಧತಿಯಲ್ಲಿ ಯಂತ್ರ ಎಚ್ಚರಾದೊಡನೆ ಡಿಸ್ಕಿನ ಮೊಟ್ಟಮೊದಲ 512 ಬೈಟುಗಳನ್ನು ಓದುತ್ತದೆ. ಮುಂದೇನು ಮಾಡಬೇಕು ಎಂಬ ಸೂಚನೆ ಅಲ್ಲಿರಬೇಕು. ಹೊಸ ಪದ್ಧತಿ ಯುಇಎಫ್‌ಐ ಹಾಗಲ್ಲ. ಡಿಸ್ಕಿನಲ್ಲಿ ಇದಕ್ಕೆಂದೇ ಇಟ್ಟ ಒಂದು ಪುಟ್ಟ ವಿಭಾಗಕ್ಕೆ ಹೋಗಿ, ಅಲ್ಲಿರುವ ಕಡತವನ್ನು ಹುಡುಕಿ ನಡೆಸುತ್ತದೆ. ಅವಳ ವಿಂಡೋಸ್ ಇದ್ದದ್ದು ಹೊಸ ಪದ್ಧತಿಯಲ್ಲಿ. ನಾನು ಮೋಡ್ ಬದಲಿಸಿದ ಮೇಲೆ ಯಂತ್ರ ಹಳೆಯ ಜಾಗದಲ್ಲಿ ಹುಡುಕಿತು. ಅಲ್ಲಿ ಯಾವ ಸೂಚನೆಯೂ ಇರಲಿಲ್ಲ. ಮನೆ ಬದಲಾಯಿಸಿದವರ ಹಳೇ ವಿಳಾಸಕ್ಕೆ ಹೋದ ಅಂಚೆಯವನು 'ಇಂಥವರು ಇಲ್ಲ' ಎಂದು ಬರೆದು ಪತ್ರ ಹಿಂದಿರುಗಿಸುತ್ತಾನಲ್ಲ, ಅಷ್ಟೇ ಆಗಿದ್ದು. ಸೆಟ್ಟಿಂಗನ್ನು ಯುಇಎಫ್‌ಐಗೆ ಮರಳಿಸಿದ್ದರೆ ಎಲ್ಲವೂ ಎದ್ದು ಬರುತ್ತಿತ್ತು. ಅದೂ ಬೇಡ, ಅಳವಡಿಸದೆ ಸುಮ್ಮನೆ ಪ್ರಯತ್ನಿಸಿ ನೋಡುವ ಆಯ್ಕೆ ಉಬುಂಟುವಿನಲ್ಲಿ ಇದ್ದೇ ಇದೆ. ಅದರಲ್ಲಿ ಫೈಲುಗಳ ಕಿಟಕಿ ತೆರೆದಿದ್ದರೆ ಅವಳ ಧ್ವನಿಮುದ್ರಣಗಳೆಲ್ಲ ಸಾಲಾಗಿ ಕಾಣುತ್ತಿದ್ದವು. ಎರಡು ನಿಮಿಷದ ಕೆಲಸ.

ಇದು ಗೊತ್ತಾದದ್ದೂ ಆಕಸ್ಮಿಕವೇ. ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪೊಂದನ್ನು ಕೊಂಡು, ನನಗೇ ಉಬುಂಟು ಹಾಕಿಕೊಳ್ಳುತ್ತಿದ್ದೆ. ಬೂಟ್ ಪಟ್ಟಿಯಲ್ಲಿ ಒಂದೇ ಪೆನ್‌ಡ್ರೈವ್ ಎರಡು ಸಲ ಕಾಣಿಸಿತು, ಒಂದರ ಹಿಂದೆ ಯುಇಎಫ್‌ಐ ಎಂದಿತ್ತು, ಇನ್ನೊಂದಕ್ಕೆ ಏನೂ ಇರಲಿಲ್ಲ. ಏನೂ ಇಲ್ಲದ್ದನ್ನು ಆರಿಸಿದೆ. ಮತ್ತೆ ಅದೇ ಮಾತು: ಯಾವ ಆಪರೇಟಿಂಗ್ ಸಿಸ್ಟಮ್ಮೂ ಪತ್ತೆಯಾಗಿಲ್ಲ. ಹತ್ತು ನಿಮಿಷದ ಹಿಂದಷ್ಟೇ ಆ ಯಂತ್ರದ ವಿಂಡೋಸಿನಲ್ಲಿ ಹಾಡು ಕೇಳಿದ್ದೆ. ಪೆನ್‌ಡ್ರೈವ್ ತೆಗೆದರೆ ವಿಂಡೋಸ್ ಎಂದಿನಂತೆ ಬಂತು. ಆ ರಾತ್ರಿ ಕೂತು ಓದಿದೆ. ಲಿನಕ್ಸ್ ಯಾವ ಬಾಗಿಲಿನಿಂದ ಒಳಬಂದಿದೆ ಎಂದು ತಿಳಿಯಲು 'ಸಿಸ್' ಕೋಶದೊಳಗಿನ 'ಫರ್ಮ್‌ವೇರ್' ಕೋಶದಲ್ಲಿ 'ಇಎಫ್‌ಐ' ಎಂಬ ಇನ್ನೊಂದು ಕೋಶ ಇದೆಯೇ ನೋಡಬೇಕು. ಇದ್ದರೆ ಯುಇಎಫ್‌ಐ, ಇಲ್ಲದಿದ್ದರೆ ಲೆಗಸಿ. ನನ್ನದರಲ್ಲಿ ಇರಲಿಲ್ಲ. ಓದುತ್ತ ಓದುತ್ತ ಅವಳ ಲ್ಯಾಪ್‌ಟಾಪ್ ನೆನಪಾಗಿ ಕೈ ತಣ್ಣಗಾಯಿತು.

ನಾಚಿಕೆಯ ವಿಷಯ ಇನ್ನೊಂದಿದೆ. ಆ ವರ್ಷವೇ ನಾನು ಮೀಮಾಂಸೆಯ ಅನುಪಲಬ್ಧಿಯ ಕುರಿತು ವಿಭಾಗದಲ್ಲಿ ಪ್ರಬಂಧ ಓದಿದ್ದೆ. ಒಂದು ವಸ್ತು ಕಾಣದಿರುವುದೇ ಅದು ಇಲ್ಲ ಎಂಬುದಕ್ಕೆ ಪ್ರಮಾಣವಾಗಬಲ್ಲದೇ? ಆಗಬಲ್ಲದು ಎಂದು ಕುಮಾರಿಲ ಭಟ್ಟನ ಪರಂಪರೆ ಹೇಳುತ್ತದೆ, ಪ್ರಭಾಕರನ ಪರಂಪರೆ ಒಪ್ಪುವುದಿಲ್ಲ. ಆದರೆ ಒಪ್ಪುವವರೂ ಒಂದು ಷರತ್ತು ಹಾಕುತ್ತಾರೆ: ಅದು ಯೋಗ್ಯಾನುಪಲಬ್ಧಿಯಾಗಿರಬೇಕು. ಇದ್ದಿದ್ದರೆ ಕಾಣಲೇಬೇಕಿತ್ತು ಎನ್ನುವ ಸ್ಥಿತಿಯಲ್ಲಿ ಕಾಣದಿದ್ದರೆ ಮಾತ್ರ ಇಲ್ಲ ಎನ್ನಬಹುದು. ಬೆಳಕಿರುವ ಕೋಣೆಯಲ್ಲಿ ಮಡಕೆ ಕಾಣದಿದ್ದರೆ ಮಡಕೆ ಇಲ್ಲ. ಕತ್ತಲ ಕೋಣೆಯಲ್ಲಿ ಕಾಣದಿದ್ದರೆ ಏನೂ ಸಿದ್ಧವಾಗುವುದಿಲ್ಲ. ಇದನ್ನು ಇಪ್ಪತ್ತು ಪುಟ ವಿವರಿಸಿದವನು, 'ಪತ್ತೆಯಾಗಿಲ್ಲ' ಎಂದು ಪ್ರಾಮಾಣಿಕವಾಗಿ ಬರೆದಿದ್ದ ಪರದೆಯನ್ನು 'ಇಲ್ಲ' ಎಂದು ಓದಿಕೊಂಡೆ. ಯಂತ್ರ ತನಗೆ ಗೊತ್ತಿದ್ದಷ್ಟನ್ನೇ ಹೇಳಿತ್ತು.

ಗೊತ್ತಿಲ್ಲದೆ ಆದದ್ದು ತಪ್ಪೇ ಎಂದು ಸ್ನೇಹಿತರು ಸಮಾಧಾನ ಹೇಳಬಹುದು. ಡಬ್ಲ್ಯೂ. ಕೆ. ಕ್ಲಿಫರ್ಡ್ ಎಂಬ ಇಂಗ್ಲಿಷ್ ಗಣಿತಜ್ಞ 1877ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಒಬ್ಬ ಹಡಗಿನ ಒಡೆಯ ಬರುತ್ತಾನೆ. ಹಡಗು ಹಳೆಯದೆಂಬ ಅನುಮಾನವನ್ನು ತಾನೇ ಒತ್ತಿ ಹಾಕಿ, ಸುರಕ್ಷಿತವಾಗಿದೆ ಎಂದು ಮನಸಾರೆ ನಂಬಿ ಜನರನ್ನು ಕಳಿಸುತ್ತಾನೆ, ಹಡಗು ಮುಳುಗುತ್ತದೆ. ಅವನ ನಂಬಿಕೆ ಪ್ರಾಮಾಣಿಕವೇ, ಆದರೆ ಹಾಗೆ ನಂಬುವ ಹಕ್ಕು ಅವನಿಗಿರಲಿಲ್ಲ ಎನ್ನುತ್ತಾನೆ ಕ್ಲಿಫರ್ಡ್. ನನ್ನನ್ನು ಹೆಚ್ಚು ಚುಚ್ಚುವುದು ಅವನ ಮುಂದಿನ ಮಾತು: ಹಡಗು ಮುಳುಗದೆ ದಡ ಸೇರಿದ್ದರೂ ಒಡೆಯನ ತಪ್ಪು ಕಡಿಮೆಯಾಗುತ್ತಿರಲಿಲ್ಲ. ಹಾಗಾದರೆ ನನ್ನ ತಪ್ಪು ಶುರುವಾದದ್ದು ಅವಳ ಲ್ಯಾಪ್‌ಟಾಪಿನಲ್ಲಿ ಅಲ್ಲ. ನನ್ನ ಹಳೆಯ ಯಂತ್ರದಲ್ಲಿ ಆ ಉಪಾಯ ಫಲಿಸಿದ ದಿನ, ಯಾಕೆ ಫಲಿಸಿತು ಎಂದು ಕೇಳದೆ ಖುಷಿಪಟ್ಟೆನಲ್ಲ, ಅಲ್ಲಿ. ಕ್ಲಿಫರ್ಡ್ ತೀರಾ ಕಠಿಣ, ಎಲ್ಲಕ್ಕೂ ಪುರಾವೆ ಕಾಯುತ್ತ ಕೂತರೆ ಬದುಕು ನಡೆಯುವುದಿಲ್ಲ ಎಂಬ ಆಕ್ಷೇಪ ಇದೆ, ನಾನೂ ಅದನ್ನು ಒಪ್ಪುತ್ತೇನೆ. ಆದರೆ ನನಗೆ ಅವಸರವೇನಿತ್ತು? ಟೀ ಕುಡಿಯಲು ಸಮಯವಿತ್ತು.

ಅವಳಿಗೆ ಹೇಳಬೇಕೇ ಎಂಬುದು ಎರಡು ವಾರ ಕಾಡಿತು. ಕಳೆದುಹೋದದ್ದು ಬರುವುದಿಲ್ಲ. ಅವಳು ಅದನ್ನು ಕೇಡುಗಾಲ ಎಂದುಕೊಂಡು ಸಮಾಧಾನವಾಗಿದ್ದಾಳೆ. ಹೇಳಿದರೆ ಅದು ಒಬ್ಬ ಮನುಷ್ಯ ಮಾಡಿದ ಕೆಲಸವಾಗುತ್ತದೆ. ನನ್ನ ಭಾರ ಇಳಿಸಿಕೊಳ್ಳಲು ಅವಳ ಮೇಲೆ ಹೊರಿಸಿದಂತಾಗುವುದಿಲ್ಲವೇ? ಈ ವಾದ ನನಗೆ ಬಹಳ ಹಿಡಿಸಿತು. ಅಷ್ಟು ಹಿಡಿಸಿದ್ದರಿಂದಲೇ ಅನುಮಾನ ಬಂತು. ಅವಳು ಸಮಾಧಾನವಾಗಿದ್ದಾಳೆ ಎಂದು ನನಗೆ ಹೇಗೆ ಗೊತ್ತು? ಅವಳು ಅಸಮಾಧಾನ ತೋರಿಸಿದ್ದನ್ನು ನಾನು ಕಂಡಿರಲಿಲ್ಲ, ಅಷ್ಟೇ. ಅಷ್ಟರಲ್ಲಿ ಕೃತಜ್ಞತೆಯ ಪುಟ ಬಂತು. ಸುಮ್ಮನಿದ್ದರೆ ಇನ್ನು ಅಚ್ಚಾದ ಸುಳ್ಳಿಗೆ ಸಹಿ ಹಾಕಿದಂತೆ.

ಗ್ರಂಥಾಲಯದ ಮೆಟ್ಟಿಲ ಮೇಲೆ ಕೂತು ಹೇಳಿದೆ. ಲೆಗಸಿ, ಯುಇಎಫ್‌ಐ ಎಲ್ಲ ವಿವರಿಸಹೊರಟವನನ್ನು ಅವಳು ಕೈಯೆತ್ತಿ ನಿಲ್ಲಿಸಿದಳು. ಅವಳು ಆ ಹಳ್ಳಿಗಳಿಗೆ ಮತ್ತೆ ಹೋಗಿದ್ದಳು. ಹೋಗಿದ್ದು ನನಗೆ ಗೊತ್ತಿತ್ತು. ಒಬ್ಬ ಅಜ್ಜಿ ಮೊದಲ ಸಲ ಒಂದೂವರೆ ಗಂಟೆ ಹೇಳಿದ ಕಥೆಯನ್ನು ಎರಡನೇ ಸಲ ಇಪ್ಪತ್ತು ನಿಮಿಷಕ್ಕೆ ಮುಗಿಸಿ, 'ಆವತ್ತೇ ಹೇಳಿದ್ನಲ್ಲವ್ವ' ಎಂದಿದ್ದಳಂತೆ. ಅದು ಗೊತ್ತಿರಲಿಲ್ಲ.

ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು: 'ಅಂದ್ರೆ ನಾವು ಟೀ ಕುಡೀತಾ ಇದ್ದಾಗ ಎಲ್ಲ ಅಲ್ಲೇ ಇತ್ತಾ?'

'ಇತ್ತು' ಎಂದೆ.

ಆ ವಾಕ್ಯ ತೆಗೆದುಹಾಕು ಎಂದಿದ್ದೇನೆ. ನೋಡುತ್ತೇನೆ ಎಂದಳು. ಪ್ರಬಂಧ ಮುಂದಿನ ವಾರ ಬೈಂಡಿಂಗಿಗೆ ಹೋಗುತ್ತದೆ.