ಹೇಳಾಕ ನೀವ್ಯಾರು?

ಬಸವಣ್ಣನವರಿಗೆ ದೇವರಾಜನೆಂಬ ಅಣ್ಣನಿದ್ದನೆಂದು ಬರೆದಿದ್ದೆ. ಬಾಗೇವಾಡಿಯ ಹಿರಿಯರೊಬ್ಬರು, "ಅಕ್ಕೋರ, ಇದನ್ನ ಹೇಳಾಕ ನೀವ್ಯಾರ್ರಿ?" ಎಂದರು. ಬಿ.ಎ., ಬಿ.ಎಡ್. ಎನ್ನಲು ನಾಚಿಕೆಯಾಯಿತು.

ಪದವಿಯಿಂದಲೇ ನಂಬಿಕೆ ಹುಟ್ಟುವುದಾದರೆ ಎಂ.ಎಂ. ಕಲಬುರ್ಗಿಯವರಿಗೆ ಏನು ಕಡಿಮೆಯಿತ್ತು? ನಮ್ಮ ಪಕ್ಕದ ಸಿಂದಗಿ ಸೀಮೆಯವರು. ಶಾಸನ, ಹಸ್ತಪ್ರತಿಗಳಲ್ಲೇ ಬಾಳು ಸವೆಸಿದವರು. ಆದರೂ 1989ರಲ್ಲಿ 'ಮಾರ್ಗ'ದ ಬರಹಗಳಿಗಾಗಿ, ಮನೆಯವರ ಜೀವಕ್ಕೆ ಅಂಜಿ, ಬರೆದದ್ದನ್ನು ಹಿಂತೆಗೆದುಕೊಂಡರು. 2015ರ ಆಗಸ್ಟ್ 30ರಂದು ಧಾರವಾಡದ ಮನೆಯಲ್ಲೇ ಗುಂಡಿಗೆ ಬಲಿಯಾದರು. ಲೇಖಕ ಹಿಂದೆ ಸರಿದರೆ ಆಧಾರವೂ ಸರಿಯುತ್ತದೆಯೇ?

ನನ್ನ ಹಾಳೆಗಳನ್ನು ಮತ್ತೆ ತೆಗೆದೆ. ಅಣ್ಣನ ಮಾತಿಗೆ ಅರ್ಜುನವಾಡದ 1260ರ ಶಾಸನವಿತ್ತು. ನನಗೆ ಬಲು ಪ್ರೀತಿಯ ಎರಡು ಸಾಲಿಗೆ ಏನೂ ಇರಲಿಲ್ಲ, ಹೊಡೆದುಹಾಕಿದೆ. (ಸಂಕಟವಾಯಿತು, ಸುಳ್ಳೇಕೆ?) ಊಹೆಯಿದ್ದಲ್ಲಿ ಊಹೆಯೆಂದೇ ಬರೆದೆ. ಆ ಹಿರಿಯರ ಮನೆಗೇ ಒಯ್ದುಕೊಟ್ಟೆ. ಚಾಳೀಸು ಏರಿಸಿ ಓದತೊಡಗಿದರು. ಮುಂದಿದ್ದ ಚಹಾ ಆರಿಹೋಯಿತು.