ಗೌಂಡಿಯ ಅರಿವು, ಪಂಡಿತರ ಪದವಿ

ನಿಪ್ಪಾಣಿ ದಾಟಿ ಕೊಲ್ಹಾಪುರದ ಕಡೆ ಹೊರಟವರಿಗೆ ಕರ್ನಾಟಕದ ಕೊನೆಯ ಟೋಲ್ ನಾಕಾ ಸಿಗುವುದು ಕೊಗನೊಳ್ಳಿಯಲ್ಲಿ. ಹಳಬರು ಇಂದಿಗೂ ಎನ್‌ಎಚ್ 4 ಎನ್ನುವ ರಾಷ್ಟ್ರೀಯ ಹೆದ್ದಾರಿ 48 ಊರ ಬದಿಗೇ ಹಾದಿದೆ. ಈ ದಾರಿ ಹಿಡಿದು ದಕ್ಷಿಣಕ್ಕೆ ಹೋದರೆ ಬೆಳಗಾವಿ. ಅಲ್ಲಿ 1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವಿದೆ. ಉತ್ತರಕ್ಕೆ ಹೋದರೆ ಪುಣೆ. ಅಲ್ಲಿ ಕಟ್ಟಡ ನಿರ್ವಹಣೆಯ ಶಿಕ್ಷಣಕ್ಕೆಂದೇ ಹುಟ್ಟಿದ ನಿಕ್ಮಾರ್ ಇದೆ. ಸಿವಿಲ್ ಓದಿದ ಗಡಿಭಾಗದ ಮಕ್ಕಳು ಕಟ್ಟಡ ನಿರ್ವಹಣೆಯಲ್ಲಿ ಪಿಎಚ್‌ಡಿ ಮಾಡುತ್ತೇವೆಂದು ಹೊರಟರೆ ಯಾವ ಕಡೆ ಹೋಗಲಿಕ್ಕೂ ಇದೇ ರಸ್ತೆ.

ಅವರು ಹುಡುಕುವ ಉತ್ತರಗಳೂ ರಸ್ತೆಯ ಮೇಲೆಯೇ ಇವೆ. ಕಾಗಲ್‌ನಿಂದ ಸಾತಾರಾವರೆಗಿನ ಆರು ಪಥದ ಕಾಮಗಾರಿ ವರ್ಷಗಟ್ಟಲೆ ಎಳೆದದ್ದನ್ನು ಈ ಭಾಗದ ಪ್ರಯಾಣಿಕರೆಲ್ಲ ಕಂಡಿದ್ದಾರೆ. ಕೆಲಸ ಏಕೆ ತಡವಾಗುತ್ತದೆ, ಖರ್ಚು ಏಕೆ ಅಂದಾಜು ಮೀರುತ್ತದೆ, ಆಳುಗಳು ಏಕೆ ಬಿದ್ದು ಸಾಯುತ್ತಾರೆ ಎಂಬ ಮೂರು ಪ್ರಶ್ನೆಗಳೇ ಕಟ್ಟಡ ನಿರ್ವಹಣೆಯ ಸಂಶೋಧನೆಯ ಜೀವಾಳ.

ಪದವಿಯ ದಾರಿಯಂತೂ ಸ್ಪಷ್ಟವಾಗಿದೆ. ಯುಜಿಸಿಯ 2022ರ ನಿಯಮದಂತೆ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ, ಕನಿಷ್ಠ 12 ಕ್ರೆಡಿಟ್‌ನ ಕೋರ್ಸ್‌ವರ್ಕ್, ಆಮೇಲೆ ಪ್ರಬಂಧ, ಕೊನೆಗೆ ಮೌಖಿಕ ಪರೀಕ್ಷೆ. ನೌಕರಿಯಲ್ಲಿದ್ದುಕೊಂಡೇ ಅರೆಕಾಲಿಕವಾಗಿ ಮಾಡಲಿಕ್ಕೂ ಅವಕಾಶವಿದೆ. ನಿಯಮಗಳಲ್ಲಿ ಉತ್ತರ ಸಿಗದ ಪ್ರಶ್ನೆ ಒಂದಿದೆ: ಪ್ರಬಂಧದೊಳಗಿನ ಅರಿವು ಯಾರದು?

ವಿಳಂಬದ ಮೇಲಿನ ಬಹುಪಾಲು ಅಧ್ಯಯನಗಳ ಮಾದರಿ ಒಂದೇ. ಕಾರಣಗಳ ಪಟ್ಟಿ ಮಾಡಿ, ಪ್ರಶ್ನಾವಳಿ ಹಂಚಿ, ಬಂದ ಅಂಕಗಳ ಮೇಲೆ ಯಾವ ಕಾರಣ ಮೊದಲು, ಯಾವುದು ಆಮೇಲೆ ಎಂದು ಸಾಲಾಗಿ ಜೋಡಿಸುವುದು. ಉತ್ತರ ಕೊಡುವವರು ಮಾಲೀಕರು, ಸಲಹೆಗಾರರು, ಗುತ್ತೇದಾರರು, ಎಂಜಿನಿಯರುಗಳು. ಗೌಂಡಿಯ ಕೈಗೆ ಆ ಹಾಳೆ ಬರುವುದು ಅಪರೂಪ. ಆದರೆ ಕಬ್ಬು ಕಡಿಯುವ ಹಂಗಾಮು ಶುರುವಾದರೆ ಆಳು ಸಿಗುವುದಿಲ್ಲ, ಸಂತೆಯ ದಿನ ಅರ್ಧ ಮಂದಿಯೂ ಬರುವುದಿಲ್ಲ, ಬಟವಡೆ ಒಂದು ವಾರ ತಪ್ಪಿದರೆ ಸೆಂಟ್ರಿಂಗ್‌ನವರು ಬೇರೆ ಸೈಟಿಗೆ ಹೋಗುತ್ತಾರೆ ಎಂಬುದೆಲ್ಲ ಅವನಿಗೆ ಬಾಯಿಪಾಠ. ಕಂಪ್ಯೂಟರಿನ ವೇಳಾಪಟ್ಟಿಯಲ್ಲಿ ಇದಾವುದೂ ಕಾಣುವುದಿಲ್ಲ.

ಕಟ್ಟುವ ಕೆಲಸ ದೊಡ್ಡದೋ, ಅರಿವು ದೊಡ್ಡದೋ ಎಂಬ ಜಿಜ್ಞಾಸೆ ಈ ಸೀಮೆಗೆ ಹೊಸದಲ್ಲ. ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯಲ್ಲಿ, ಅಂದರೆ ಈಗಿನ ಸೊಲ್ಲಾಪುರದಲ್ಲಿ, ಸಿದ್ಧರಾಮ ಕೆರೆ ತೋಡಿಸಿದ, ಗುಡಿ ಕಟ್ಟಿಸಿದ. ಲೋಕಕ್ಕೆ ನೀರು ನೆರಳು ಒದಗಿಸುವುದೇ ಅವನಿಗೆ ತಪಸ್ಸಾಗಿತ್ತು. ಕಲ್ಲು, ಮಣ್ಣು, ಆಳು, ಕಾಲ ಎಲ್ಲವನ್ನೂ ಹೊಂದಿಸಿ ದೊಡ್ಡ ಕಾಮಗಾರಿ ನಡೆಸಿದವನು ಅವನು. ಹದಿನೈದನೆಯ ಶತಮಾನದಲ್ಲಿ ರೂಪುಗೊಂಡ ಶೂನ್ಯಸಂಪಾದನೆ ಹೇಳುವಂತೆ, ಅಲ್ಲಿಗೆ ಬಂದ ಅಲ್ಲಮಪ್ರಭು ಸಿದ್ಧರಾಮನನ್ನು ಒಡ್ಡನೆಂದು, ಅಂದರೆ ಕಲ್ಲು ಮಣ್ಣಿನ ಕೆಲಸದವನೆಂದು, ಕರೆದ. ಗುರುವಿಗಾದ ಅವಮಾನ ತಾಳಲಾರದೆ ಕೆರೆಯ ಆಳುಗಳು ಕಲ್ಲೆಸೆದರು. ಕಲ್ಲು ಅಲ್ಲಮನಿಗೆ ತಾಗಲಿಲ್ಲ. ಸಿಟ್ಟಾಗಿ ಬಂದ ಸಿದ್ಧರಾಮನ ಉರಿಗಣ್ಣಿಗೂ ಅವನು ಬೇಯಲಿಲ್ಲ. ಆಮೇಲೆ ಮಾತು ಬೆಳೆಯಿತು. ಹೊರಗೆ ಇಷ್ಟೆಲ್ಲ ಕಟ್ಟಿಸುವವನು ತನ್ನನ್ನು ತಾನು ಅರಿತಿದ್ದಾನೆಯೇ ಎಂಬುದು ಅಲ್ಲಮನ ಪ್ರಶ್ನೆ. ಸಿದ್ಧರಾಮ ಸೋತು ಗೆದ್ದ. ಕಲ್ಯಾಣಕ್ಕೆ ಹೋದ, ಮುಂದೆ ಶೂನ್ಯಸಿಂಹಾಸನವೇರಿದ. ಅವನ ವಚನಗಳು ಸಾವಿರಕ್ಕೂ ಮಿಕ್ಕಿ ಉಳಿದುಬಂದಿವೆ.

ಈ ಪ್ರಸಂಗವನ್ನು ಕ್ರಿಯೆಯ ಮೇಲೆ ಜ್ಞಾನದ ಗೆಲುವೆಂದು ಓದುವುದು ರೂಢಿ. ಇಷ್ಟಕ್ಕೇ ನಿಂತರೆ ಓದು ಅರೆಯಾಗುತ್ತದೆ. ವಾದ ನಡೆದದ್ದು ಇಬ್ಬರು ಗುರುಗಳ ನಡುವೆ. ಕೆರೆ ತೋಡಿದ ಕೈಗಳು ಕಲ್ಲೆಸೆಯುವಾಗ ಕಾಣಿಸಿಕೊಂಡು ಮರೆಯಾದವು. ನೀರು ಯಾವ ಪದರದಲ್ಲಿದೆ, ಕಲ್ಲು ಎಲ್ಲಿ ಸೀಳುತ್ತದೆ ಎಂದು ಬಲ್ಲವರನ್ನು ಅಲ್ಲಿ ಯಾರೂ ಮಾತಿಗೆ ಕರೆಯಲಿಲ್ಲ. ಇತಿಹಾಸ ಆ ಸಾಲವನ್ನು ತನ್ನದೇ ರೀತಿಯಲ್ಲಿ ತೀರಿಸುತ್ತಿದೆ: ಕಲ್ಲು ಮಣ್ಣಿನ ಕೆಲಸದಲ್ಲೇ ಬಾಳಿದ ಭೋವಿ ಸಮುದಾಯ ಇಂದು ಸಿದ್ಧರಾಮನನ್ನು ಕುಲಗುರುವೆಂದು ಪೂಜಿಸುತ್ತದೆ, ಸಂಕ್ರಾಂತಿಯ ಹೊತ್ತಿಗೆ ರಾಜ್ಯ ಸರ್ಕಾರವೂ ಅವನ ಜಯಂತಿ ಆಚರಿಸುತ್ತದೆ.

ಆಳಿನ ಅರಿವಿಗೆ ಬೆಲೆ ಕೊಟ್ಟ ಪಿಎಚ್‌ಡಿ ಒಂದು ದೂರದ ಇಂಗ್ಲೆಂಡಿನಲ್ಲಿದೆ. ಗ್ಲೆನ್ ಬ್ಯಾಲಾರ್ಡ್ ಎಂಬ ಅಮೆರಿಕನ್ ವಿದ್ವಾಂಸ 2000ದಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ‘ಲಾಸ್ಟ್ ಪ್ಲಾನರ್’ ಪದ್ಧತಿಯ ಮೇಲೆ ಡಾಕ್ಟರೇಟ್ ಪಡೆದ. ಯೋಜನೆ ಎಷ್ಟೇ ಮೇಲಿನಿಂದ ಬರಲಿ, ನಾಳೆ ಯಾವ ಕೆಲಸ ನಿಜಕ್ಕೂ ಆಗುತ್ತದೆಂದು ಕೊನೆಗೆ ತೀರ್ಮಾನಿಸುವವನು ಮೇಸ್ತ್ರಿ ಎಂಬುದು ಅದರ ತಿರುಳು. ವಾರಕ್ಕೊಮ್ಮೆ ಮೇಸ್ತ್ರಿಗಳು ಕೂಡಿ ಕೂರಬೇಕು. ಆಗಬೇಕಾದ ಕೆಲಸ ಯಾವುದು, ಅದರಲ್ಲಿ ಆಗಬಲ್ಲದ್ದು ಎಷ್ಟು ಎಂದು ನೋಡಿ ಮಾತು ಕೊಡಬೇಕು. ಕೊಟ್ಟ ಮಾತಿನಲ್ಲಿ ನಡೆದದ್ದೆಷ್ಟು ಎಂದು ಎಣಿಸಿ, ತಪ್ಪಿದ್ದಕ್ಕೆ ಕಾರಣ ಬರೆದಿಡಬೇಕು. ಉಸುಕು ಬರಲಿಲ್ಲವೋ, ನಕ್ಷೆ ಬದಲಾಯಿತೋ, ಮೊದಲಿನವರು ಜಾಗ ಬಿಟ್ಟುಕೊಡಲಿಲ್ಲವೋ ಎಂಬುದು ಅಲ್ಲಿ ಬಯಲಾಗುತ್ತದೆ. ಮೇಸ್ತ್ರಿಗೆ ‘ಆಗುವುದಿಲ್ಲ’ ಎನ್ನುವ ಹಕ್ಕನ್ನು ಈ ಪದ್ಧತಿ ಕೊಟ್ಟಿತು.

ಹಾಗೆಂದು ಪಂಡಿತರ ಪಾಲು ಸಣ್ಣದಲ್ಲ. ಗೌಂಡಿಗೆ ತನ್ನ ಗೋಡೆ ಗೊತ್ತು. ಐವತ್ತು ಸೈಟುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದವರಿಗಷ್ಟೇ ಕಾಣುವ ಸತ್ಯಗಳಿವೆ. ಇಪ್ಪತ್ತು ವರ್ಷ ಬೆಲ್ಟ್ ಕಟ್ಟದೆ ಸಾರುವೆ ಏರಿದವನಿಗೆ ಏನೂ ಆಗುವುದಿಲ್ಲವೆಂಬ ಧೈರ್ಯ ಬಂದಿರುತ್ತದೆ. ಆ ಧೈರ್ಯ ಪ್ರಾಣಕ್ಕೆ ಎರವಾಗಬಹುದೆಂದು ಲೆಕ್ಕ ಹಿಡಿದು ತೋರಿಸಲು ಸಂಶೋಧನೆಯೇ ಬೇಕು. ಅನುಭವವನ್ನೂ ಪರೀಕ್ಷೆಗೆ ಒಡ್ಡುವುದು ಅಲ್ಲಮ ಸಿದ್ಧರಾಮನಿಗೆ ಮಾಡಿದ ಉಪಕಾರ.

ಉಪಕಾರದ ಜೊತೆಗೆ ಪಂಡಿತರಿಗೆ ಒಂದು ಹೊಣೆಯೂ ಇದೆ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಲು ಆಳು ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ದುಡಿದದ್ದಕ್ಕೆ ದಾಖಲೆ ತೋರಿಸಬೇಕು. ಅವನದೇ ಹಾಜರಿಪುಸ್ತಕದಿಂದ ಅಂಕಿಅಂಶ ತೆಗೆದು ಪ್ರಬಂಧ ಬರೆದವರು ಆ ದಾಖಲೆ ಕೊಡಿಸಲು ನೆರವಾಗಬಹುದು. ಕಂಡುಕೊಂಡ ಫಲಿತಾಂಶವನ್ನು ಸೈಟಿನಲ್ಲಿ ಕನ್ನಡದಲ್ಲೋ ಮರಾಠಿಯಲ್ಲೋ ಹಿಂದಿಯಲ್ಲೋ ಓದಿ ಹೇಳಬಹುದು. ಪಿಎಚ್‌ಡಿ ಮೌಖಿಕ ಪರೀಕ್ಷೆ ಬಹಿರಂಗವಾಗಿ ನಡೆಯುತ್ತದೆ, ಅಧ್ಯಾಪಕರು, ಸಂಶೋಧಕರು, ವಿದ್ಯಾರ್ಥಿಗಳು ಬಂದು ಕೂರಬಹುದು. ಆಸಕ್ತ ತಜ್ಞರಿಗೂ ಅಲ್ಲಿ ಜಾಗವಿರಬೇಕು. ಮೂವತ್ತು ವರ್ಷ ಸ್ಲ್ಯಾಬ್ ಹಾಕಿಸಿದ ಮೇಸ್ತ್ರಿಯೂ ತಜ್ಞನೇ. ಮಾರ್ಗದರ್ಶಕರು ಅವನಿಗೆ ಮೊದಲೇ ತಿಳಿಸಿ, ಆ ದಿನದ ಕೂಲಿಯನ್ನೂ ಕಟ್ಟಿಕೊಟ್ಟು ಕರೆಸಬೇಕು. ಪ್ರಬಂಧದ ಮೇಲೆ ಅವನು ಕೇಳಿದ ಪ್ರಶ್ನೆ ಪರೀಕ್ಷಕರ ವರದಿಯಲ್ಲಿ ದಾಖಲಾಗಬೇಕು.