ಮಣಿಯೊಳಗಿನ ಬಯಲು

ಮಣಿ ಕೊಳ್ಳುವಾಗ ಕಣ್ಣು ಬಣ್ಣ ನೋಡುತ್ತದೆ. ಪೋಣಿಸಲು ಕೂತ ಮೇಲೆ ಬೆರಳು ತೂತನ್ನೇ ಹುಡುಕುತ್ತದೆ. ಮಕ್ಕಳ ಹೇರ್‌ಕ್ಲಿಪ್ಪಿಗೆ, ಜಡೆಯ ಕುಚ್ಚಿಗೆ ನಾನು ಬಳಸುವ ಗಾಜಿನ ಮಣಿಯ ಅಗಲ ಸುಮಾರು 2 ಮಿಲಿಮೀಟರ್. ಅದರ ತೂತು ಒಂದು ಮಿಲಿಮೀಟರಿಗೂ ಕಡಿಮೆ. ಇಷ್ಟು ಸಣ್ಣ ಗಾಜನ್ನು ಒಡೆಯದೆ ಯಾರು ಹೇಗೆ ಕೊರೆದರು ಎಂಬ ಪ್ರಶ್ನೆ ಬಹಳ ಕಾಲ ನನ್ನನ್ನು ಕಾಡಿತ್ತು. ಉತ್ತರ ತಿಳಿದಾಗ ಬೆರಗು ಇಳಿಯಲಿಲ್ಲ, ಇನ್ನೂ ದೊಡ್ಡದಾಯಿತು. ಯಾರೂ ಕೊರೆದಿಲ್ಲ. ತೂತು ಮೊದಲು ಬಂತು, ಮಣಿ ಆಮೇಲೆ.

ವೆನಿಸ್ ಬಳಿಯ ಮುರಾನೊ ದ್ವೀಪದ ಕುಶಲಿಗರು ಕರಗಿದ ಗಾಜಿನ ಮುದ್ದೆಯೊಳಗೆ ಒಂದು ಗಾಳಿಗುಳ್ಳೆ ಇರಿಸುತ್ತಿದ್ದರು. ಗಾಜು ಮೆತ್ತಗಿರುವಾಗಲೇ ಇಬ್ಬರು ಎರಡು ತುದಿ ಹಿಡಿದು ದೂರ ದೂರ ಸರಿಯುತ್ತಿದ್ದರು. ಮುದ್ದೆ ಹತ್ತಾರು ಮೀಟರ್ ಉದ್ದದ ಎಳೆಯಾಗುತ್ತಿತ್ತು. ಗುಳ್ಳೆಯೂ ಅದರೊಡನೆ ಅಷ್ಟುದ್ದ ಹಿಗ್ಗಿ, ಎಳೆಯ ಒಳಗೆ ಟೊಳ್ಳಾಗಿ ಉಳಿಯುತ್ತಿತ್ತು. ಆರಿದ ಕೊಳವೆಯನ್ನು ಚೂರುಚೂರಾಗಿ ಕತ್ತರಿಸಿ, ಮತ್ತೆ ಕಾಯಿಸಿ ಅಂಚು ದುಂಡಗೆ ಮಾಡಿದರೆ ಮಣಿ. ತಿರುಪತಿಗೆ ಹತ್ತಿರದ ಪಾಪಾನಾಯುಡುಪೇಟೆಯ ಪದ್ಧತಿ ಬೇರೆ. ಅಲ್ಲಿ ಟೊಳ್ಳು ಕಬ್ಬಿಣದ ಕೊಳವೆಯ ತುದಿಗೆ ಗಾಜಿನ ಮುದ್ದೆ ಹಚ್ಚಿ ಕುಲುಮೆಯಲ್ಲಿಡುತ್ತಾರೆ; ಎದುರು ಬದಿಯಿಂದ ಕೊಕ್ಕೆ ಹಾಕಿ ಎಳೆದರೆ ಟೊಳ್ಳು ಎಳೆ ಗಂಟೆಗಟ್ಟಲೆ ಹೊರಬರುತ್ತಲೇ ಇರುತ್ತದೆ. ಕತ್ತರಿಸಿದ ಚೂರುಗಳನ್ನು ಎರಡನೆಯ ಸಲ ಕಾಯಿಸುವಾಗ ಬೂದಿ ಬೆರೆಸುತ್ತಾರೆ, ತೂತು ಮುಚ್ಚದಿರಲಿ ಎಂದು. ಹೀಗೆ ಎಳೆದು ಮಾಡಿದ ಪುಟ್ಟ ಮಣಿಗಳು ಎರಡು ಸಾವಿರ ವರ್ಷಗಳ ಹಿಂದೆಯೇ ಪುದುಚೇರಿ ಬಳಿಯ ಅರಿಕಮೇಡಿನಲ್ಲಿ ತಯಾರಾಗುತ್ತಿದ್ದವು. ಇದೇ ಬಗೆಯ ಮಣಿಗಳು ಪೂರ್ವ ಆಫ್ರಿಕಾದಿಂದ ಆಗ್ನೇಯ ಏಷ್ಯಾದವರೆಗೆ ಮಣ್ಣಿನಡಿ ಸಿಕ್ಕಿವೆ.

ಹಾಗಾದರೆ ನನ್ನ ತಟ್ಟೆಯ ಒಂದೇ ಬಣ್ಣದ ಮಣಿಗಳ ಪೈಕಿ ಎಷ್ಟೋ ಮಣಿಗಳೊಳಗೆ ಇರುವುದು ಒಂದೇ ಬಯಲು. ಒಂದಾಗಿದ್ದ ಉದ್ದನೆಯ ಟೊಳ್ಳನ್ನು ಕತ್ತರಿ ಬೇರೆ ಮಾಡಿತ್ತು, ದಾರ ಮತ್ತೆ ಸಾಲಾಗಿ ನಿಲ್ಲಿಸುತ್ತಿದೆ. ಈ ಯೋಚನೆ ಬಂದಾಗಲೆಲ್ಲ ಸೂಜಿ ಒಂದು ಕ್ಷಣ ನಿಂತುಬಿಡುತ್ತದೆ.

ಕಲ್ಲಿನ ಮಣಿಯ ಕಥೆ ಮಾತ್ರ ನಿಜಕ್ಕೂ ಕೊರೆತದ್ದೇ. ಸಿಂಧೂ ಕಣಿವೆಯ ಕುಶಲಿಗರು ಕೆಂಪು ಕಾರ್ನೀಲಿಯನ್ ಕಲ್ಲಿನ ಉದ್ದ ಮಣಿಯೊಂದಕ್ಕೆ ದಿನಗಟ್ಟಲೆ ಬೈರಿಗೆ ತಿರುಗಿಸಬೇಕಿತ್ತು. ಎರಡೂ ತುದಿಯಿಂದ ಕೊರೆದ ದಾರಿಗಳು ಕತ್ತಲೆಯಲ್ಲಿ, ನಡುವಿನಲ್ಲಿ ಸಂಧಿಸಬೇಕು. ಚಿಪ್ಪಿನ ಮಣಿ ಅದಕ್ಕೂ ಬಹಳ ಹಳೆಯದು: ದಕ್ಷಿಣ ಆಫ್ರಿಕಾದ ಬ್ಲೊಂಬೊಸ್ ಗುಹೆಯಲ್ಲಿ ದೊರೆತ ಚಿಪ್ಪಿನ ಮಣಿಗಳು ಸುಮಾರು 75,000 ವರ್ಷ ಹಳೆಯವು. ತೂತಿನ ಅಂಚಿನಲ್ಲಿ ಸವೆತವಿದೆ, ಅಲ್ಲಿ ದಾರ ಉಜ್ಜಿತ್ತು. ದಾರ ಯಾವಾಗಲೋ ಮಣ್ಣಾಗಿದೆ, ಅದು ಆಡಿದ ಗುರುತು ಉಳಿದಿದೆ. ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯ ಉತ್ಖನನದಲ್ಲೂ ಮಣಿಗಳು ಬಂದವು. ಆದರೆ ಯಾವುದರ ಪಕ್ಕ ಯಾವುದಿತ್ತು, ಕೆಂಪಿನ ನಂತರ ಬಿಳಿಯೋ ಕಪ್ಪೋ ಎಂಬ, ಪೋಣಿಸಿದ ಕೈಯ ತೀರ್ಮಾನ ದಾರದೊಡನೆಯೇ ಹೋಯಿತು. ಚಿನ್ನವೇ ಕಳೆದುಹೋಗಿದ್ದರೂ ನನಗೆ ಇಷ್ಟು ನೋವಾಗುತ್ತಿರಲಿಲ್ಲ.

ಮಣಿಹೂವು ಕಟ್ಟುವವರಿಗೆ ಇನ್ನೊಂದು ಅಚ್ಚರಿ ತಾನಾಗಿ ಎದುರಾಗುತ್ತದೆ. ನಡುವೆ ಒಂದು ಮಣಿ, ಸುತ್ತ ಅದೇ ಅಳತೆಯ ಮಣಿಗಳು. ಐದು ಹಾಕಿ ಬಿಗಿದರೆ ನಡುವಿನದಕ್ಕೆ ಜಾಗ ಸಾಲದು, ಅದು ಮೇಲಕ್ಕೆ ಉಬ್ಬಿ ಕೂರುತ್ತದೆ. ಏಳು ಹಾಕಿದರೆ ಒಳಗೆ ಸಡಿಲ, ಅಲುಗಾಡುತ್ತದೆ. ಆರು ಹಾಕಿದರೆ ಎಲ್ಲವೂ ಒಂದನ್ನೊಂದು ಮುಟ್ಟಿ ಸಮತಟ್ಟಾಗಿ ನಿಲ್ಲುತ್ತವೆ. ಗಾಜಾಗಲಿ, ಮುತ್ತಾಗಲಿ, ಆರೇ. ಇದನ್ನು ಯಾರೂ ಗೊತ್ತುಪಡಿಸಲಿಲ್ಲ, ಯಾರೂ ಬದಲಿಸಲಾರರು. ರೇಖಾಗಣಿತ ಓದದ ಬೆರಳೂ ತಂತಿ ಎಳೆದ ಗಳಿಗೆಯಲ್ಲಿ ಅದನ್ನು ಅರಿಯುತ್ತದೆ.

ಇಷ್ಟೆಲ್ಲ ಹೋಗಿ ಕೂರುವುದು ಕೂದಲ ಮೇಲೆ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಎಂಟು ವರ್ಷದ ಹುಡುಗಿಗೆ ಸೊಂಟ ಮುಟ್ಟುವ ಜಡೆಯಿದ್ದರೆ, ನಾನು ಕುಚ್ಚು ಕಟ್ಟುವ ತುದಿ ಅವಳು ನಾಲ್ಕರ ಕೂಸಾಗಿದ್ದಾಗ ಹುಟ್ಟಿದ್ದು. ಮೇಲೆ ಸಿಕ್ಕಿಸುವ ಕ್ಲಿಪ್ಪು ಈ ತಿಂಗಳ ಕೂದಲಿಗೆ, ಕೆಳಗಿನ ಕುಚ್ಚು ಅವಳ ತೊದಲ್ನುಡಿಯ ಕಾಲಕ್ಕೆ. ನಾಲ್ಕು ವರ್ಷಗಳನ್ನು ಮೂರು ಎಳೆಯಾಗಿ ಹೆಣೆದು ಬೆನ್ನ ಮೇಲೆ ಬಿಟ್ಟುಕೊಂಡು ಅವಳು ಅಂಗಳದಲ್ಲಿ ಓಡುತ್ತಾಳೆ.

ಮತ್ತು ಆ ಅಲಂಕಾರವನ್ನು ಅವಳು ನೋಡುವುದಿಲ್ಲ. ಬಳೆ, ಉಂಗುರ, ಸರ ಎಲ್ಲವೂ ತೊಟ್ಟವರ ಕಣ್ಣಿಗೆ ಬೀಳುತ್ತವೆ. ಜಡೆಬಿಲ್ಲೆ, ಕುಚ್ಚು, ತುರುಬಿನ ಮಣಿ ಬೀಳುವುದಿಲ್ಲ. ಬೇಲೂರಿನ ಶಿಲ್ಪ ದರ್ಪಣ ಸುಂದರಿಗೂ ಕೈಗನ್ನಡಿಯಲ್ಲಿ ಮುಖವಷ್ಟೇ ಕಾಣುವುದು. ನಮ್ಮ ಕಡೆ ಮೊಗ್ಗಿನ ಜಡೆ ಹಾಕಿದ ಹೆಣ್ಣುಮಕ್ಕಳನ್ನು ಹಿಂದೆ ಸ್ಟುಡಿಯೋಗೆ ಕರೆದೊಯ್ದು, ಬೆನ್ನ ಹಿಂದೆ ಕನ್ನಡಿ ನಿಲ್ಲಿಸಿ ಫೋಟೊ ತೆಗೆಸುತ್ತಿದ್ದರು. ಎಷ್ಟೋ ಮನೆಗಳ ಗೋಡೆಯ ಮೇಲೆ ಆ ಚಿತ್ರ ಇಂದಿಗೂ ಇದೆ: ಮುಂದೆ ಗಂಭೀರ ಪುಟ್ಟ ಮುಖ, ಹಿಂದಿನ ಕನ್ನಡಿಯಲ್ಲಿ ಬಿಳಿ ಮೊಗ್ಗುಗಳ ಸಾಲು. ಹೂವು ಸಂಜೆಗೆ ಅರಳಿ ಮರುದಿನಕ್ಕೆ ಬಾಡುವಂಥದ್ದು, ಆದ್ದರಿಂದ ಅವಸರ. ಆದರೂ ಅದಷ್ಟೇ ಕಾರಣವೆಂದು ನನಗೆ ಅನಿಸುವುದಿಲ್ಲ. ತನ್ನ ಬೆನ್ನಿಗೆ ಎಷ್ಟು ಚೆಲುವು ಕಟ್ಟಿದ್ದಾರೆಂದು ಮಗುವಿಗೆ ಒಮ್ಮೆಯಾದರೂ ಕಾಣಲಿ ಎಂಬ ಆಸೆ ಮನೆಯವರಿಗೆ ಇದ್ದಿರಬೇಕು.

ಕನ್ನಡಿಯಿಲ್ಲದ ದಿನಗಳಲ್ಲಿ ತೊಟ್ಟವಳಿಗೆ ಅದು ಗೊತ್ತಾಗುವುದು ತೂಕದಿಂದ, ತಲೆ ಆಡಿಸಿದಾಗ ಬರುವ ಸಣ್ಣ ಸದ್ದಿನಿಂದ, ನೆತ್ತಿಗೆ ತಾಗುವ ಬದಿಯಿಂದ. ಆದ್ದರಿಂದ ಕ್ಲಿಪ್ಪಿನ ಹಿಂಬದಿಗೇ ನಾನು ಹೆಚ್ಚು ಹೊತ್ತು ಕೊಡುತ್ತೇನೆ. ತಾಮ್ರದ ತಂತಿಯ ಕೊನೆಗಳನ್ನು ಮಣಿಯೊಳಗೇ ಮಡಚಿ ಸೇರಿಸಿ, ಮೇಲೊಂದು ಮೆತ್ತನೆಯ ಬಟ್ಟೆಯ ತುಂಡು ಹೊಲಿಯುತ್ತೇನೆ. ಎಳೆಯ ಕೂದಲಿಗಾದರೆ ಗಾಜು ಭಾರವಾಗಿ ಜಾರುತ್ತದೆ, ಒಂದು ಸುತ್ತು ಮಣಿ ಕಡಿಮೆ ಮಾಡಬೇಕು.